ಅಮೆರಿಕದ ಕಪ್ಪು ಜನರಿಗೆ ಶಾಲೆ ಕೊಟ್ಟಿದ್ದು ಕೋರ್ಟಾ?

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿ ಕಪ್ಪು ಮಕ್ಕಳಿಗೆ ಮೊದಲು ಓದಲು ಬಿಡಲಿಲ್ಲ, ಆಮೇಲೆ ಪ್ರತ್ಯೇಕ ಶಾಲೆ ಕೊಟ್ಟರು, 1954ರಲ್ಲಿ ಸುಪ್ರೀಂ ಕೋರ್ಟ್ ಬ್ರೌನ್ ತೀರ್ಪಿನಲ್ಲಿ ಆ ಪ್ರತ್ಯೇಕತೆಯನ್ನೂ ತೆಗೆದುಹಾಕಿತು. ಕಥೆ ಅಲ್ಲಿಗೆ ಮುಗಿಯಿತಲ್ವಾ? ಮತ್ತೆ 'ವಿಮರ್ಶಾತ್ಮಕ ಇತಿಹಾಸ' ಅಂತ ಇಷ್ಟೊಂದು ಜನ ಬರೆಯುತ್ತಿರುವುದು ಯಾಕೆ?

ನೀವು ಹೇಳಿದ ಘಟನೆಗಳಲ್ಲಿ ತಪ್ಪಿಲ್ಲ. ಆದರೆ ಈ ಕಥೆಯಲ್ಲಿ ಬಿಡದಿದ್ದವರು, ಕೊಟ್ಟವರು, ತೆಗೆದವರು ಎಲ್ಲ ಬೇರೆಯವರೇ. ಕಪ್ಪು ಜನ ಬರೀ ಕಾಯುತ್ತಾ ನಿಂತಿದ್ದರು ಅನ್ನುವ ಹಾಗಿದೆ. ನಾನು ಈ ವಿಷಯ ಓದುವಾಗ ಎರಡು ಪ್ರಶ್ನೆ ಕೈಯಲ್ಲಿ ಇಟ್ಟುಕೊಳ್ಳುತ್ತೇನೆ. ದುಡ್ಡು ಯಾರದ್ದು? ತೀರ್ಮಾನ ಯಾರದ್ದು? ಇವೆರಡನ್ನು ಕೇಳುತ್ತಾ ಹೋದರೆ ಅದೇ ಘಟನೆಗಳು ಬೇರೆ ಥರ ಕಾಣುತ್ತವೆ.

ಮೊದಲು ನಿಷೇಧದ ಮಾತು. 1739ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷವೇ ಕಾನೂನು ಬಂತು: ಗುಲಾಮರಿಗೆ ಬರೆಯಲು ಕಲಿಸಿದರೆ ನೂರು ಪೌಂಡ್ ದಂಡ. ನಾರ್ತ್ ಕ್ಯಾರೊಲಿನಾದ 1830ರ ಕಾನೂನು ಇನ್ನೂ ವಿವರವಾಗಿದೆ. ಗುಲಾಮರಿಗೆ ಓದು ಬರಹ ಕಲಿಸಿದವರು ಬಿಳಿಯರಾದರೆ 100ರಿಂದ 200 ಡಾಲರ್ ದಂಡ ಇಲ್ಲವೇ ಜೈಲು. ಸ್ವತಂತ್ರ ಕಪ್ಪು ವ್ಯಕ್ತಿಯಾದರೆ ದಂಡ, ಜೈಲು ಅಥವಾ 20ರಿಂದ 39 ಛಡಿ ಏಟು. ಗುಲಾಮನೇ ಇನ್ನೊಬ್ಬ ಗುಲಾಮನಿಗೆ ಕಲಿಸಿದರೆ ಬರಿಬೆನ್ನಿಗೆ 39 ಏಟು. ಓದು ಬಂದರೆ ಅವರ ಮನಸ್ಸಿನಲ್ಲಿ ಅತೃಪ್ತಿ ಹುಟ್ಟುತ್ತದೆ, ಅದು ದಂಗೆಗೆ ದಾರಿ ಮಾಡುತ್ತದೆ ಅಂತ ಕಾರಣವನ್ನೂ ಆ ಕಾನೂನೇ ಹೇಳುತ್ತದೆ. ಅಂಕಿಗಳನ್ನು ಕಲಿಸಲು ಮಾತ್ರ ವಿನಾಯಿತಿ ಇತ್ತು. ತೋಟದ ಲೆಕ್ಕಕ್ಕೆ ಜನ ಬೇಕಿತ್ತೇನೋ! ಕಪ್ಪು ಜನರಿಗೆ ಕಲಿಯುವ ಶಕ್ತಿಯೇ ಇಲ್ಲ ಅಂತ ಸಾರುತ್ತಿದ್ದ ಕಾಲದಲ್ಲೇ, ಅವರು ಕಲಿತುಬಿಟ್ಟಾರು ಅಂತ ಇಷ್ಟು ಹೆದರಿಕೆ.

ಉತ್ತರದ ರಾಜ್ಯಗಳು ಸಾಚಾ ಅಂದುಕೊಳ್ಳಬೇಡಿ. ಕನೆಕ್ಟಿಕಟ್‌ನ ಕ್ಯಾಂಟರ್‌ಬರಿ ಊರಿನಲ್ಲಿ ಪ್ರೂಡೆನ್ಸ್ ಕ್ರ್ಯಾಂಡಲ್ ಎಂಬ ಬಿಳಿ ಶಿಕ್ಷಕಿ 1833ರಲ್ಲಿ ಕಪ್ಪು ಹುಡುಗಿಯರಿಗೆ ಅಂತಲೇ ಶಾಲೆ ತೆರೆದರು. ಅದೇ ವರ್ಷ ರಾಜ್ಯ ಅದರ ವಿರುದ್ಧ ಕಾನೂನು ಮಾಡಿತು, ಅವರನ್ನು ಬಂಧಿಸಿತು. ಮುಂದಿನ ವರ್ಷ ಗುಂಪೊಂದು ಕಿಟಕಿಗಳನ್ನೆಲ್ಲ ಒಡೆದು ಹಾಕಿತು. ಶಾಲೆ ಮುಚ್ಚಿತು.

ಇಷ್ಟೆಲ್ಲ ಇದ್ದರೂ ಜನ ಕದ್ದುಮುಚ್ಚಿ ಕಲಿತರು. ಮುಂದೆ ಗುಲಾಮಗಿರಿ ವಿರೋಧಿ ಹೋರಾಟದ ದೊಡ್ಡ ನಾಯಕರಾದ ಫ್ರೆಡ್ರಿಕ್ ಡಗ್ಲಾಸ್, ಗುಲಾಮ ಹುಡುಗನಾಗಿದ್ದಾಗ, ಬಾಲ್ಟಿಮೋರಿನ ಬೀದಿಗಳಲ್ಲಿ ಬಡ ಬಿಳಿ ಹುಡುಗರಿಗೆ ಬ್ರೆಡ್ಡು ಕೊಟ್ಟು ಅವರಿಂದ ಓದು ಹೇಳಿಸಿಕೊಂಡರು. 1861ರಲ್ಲಿ ಅಂತರ್ಯುದ್ಧ ಶುರುವಾದ ಕೂಡಲೇ ವರ್ಜೀನಿಯಾದ ಫೋರ್ಟ್ ಮನ್ರೋ ಕೋಟೆ ಹತ್ತಿರ ಮೇರಿ ಪೀಕ್ ಎಂಬ ಕಪ್ಪು ಶಿಕ್ಷಕಿ ಓಕ್ ಮರದಡಿ ಪಾಠ ಶುರು ಮಾಡಿದರು. ಗುಲಾಮಗಿರಿ ರದ್ದಾಗಿದ್ದು 1865ರಲ್ಲಿ. ಅಂದರೆ ಸ್ವಾತಂತ್ರ್ಯ ಕಾಗದದ ಮೇಲೆ ಬರುವ ಮೊದಲೇ ಶಾಲೆ ನಡೆಯುತ್ತಿತ್ತು.

ಈಗ ದುಡ್ಡಿನ ವಿಷಯ. ನನ್ನ ಪ್ರಕಾರ ಇಡೀ ಇತಿಹಾಸದಲ್ಲಿ ಜಾಸ್ತಿ ಗಮನಿಸಬೇಕಾದ ಭಾಗ ಇದೇ. ಯುದ್ಧದ ನಂತರ ದಕ್ಷಿಣದ ಕಪ್ಪು ಜನ ಎಲ್ಲರಂತೆ ತೆರಿಗೆ ಕಟ್ಟಿದರು. ಆ ತೆರಿಗೆಯ ಬಹುಪಾಲು ಬಿಳಿ ಮಕ್ಕಳ ಶಾಲೆಗೆ ಹೋಯಿತು. ಜಾರ್ಜಿಯಾದ ಆಗಸ್ಟಾದಲ್ಲಿ 1897ರಲ್ಲಿ ಶಾಲಾ ಮಂಡಳಿ ಕಪ್ಪು ಮಕ್ಕಳ ಹೈಸ್ಕೂಲನ್ನೇ ಮುಚ್ಚಿತು, ಬಿಳಿಯರ ಹೈಸ್ಕೂಲುಗಳಿಗೆ ಸಾರ್ವಜನಿಕ ಹಣ ಮುಂದುವರಿಯಿತು. ಪೋಷಕರು ಕೇಸು ಹಾಕಿದರು. 'ಪ್ರತ್ಯೇಕವಾದರೂ ಸಮಾನ' ಅಂತ ಸುಪ್ರೀಂ ಕೋರ್ಟೇ 1896ರಲ್ಲಿ ಹೇಳಿತ್ತಲ್ಲ. ಮೂರೇ ವರ್ಷದ ನಂತರ, 1899ರಲ್ಲಿ, ಅದೇ ಕೋರ್ಟು ಆಗಸ್ಟಾದ ಮಂಡಳಿ ಮಾಡಿದ್ದು ಸರಿ ಎಂದಿತು. ಇನ್ನು ಸಮಾನತೆ ಎಲ್ಲಿ ಬಂತು?

ಹಾಗಾಗಿ ಒಮ್ಮೆ ತೆರಿಗೆ ಕಟ್ಟಿದವರೇ ಇನ್ನೊಮ್ಮೆ ಜೇಬಿನಿಂದ ಕೊಟ್ಟು ಶಾಲೆ ಕಟ್ಟಿಕೊಂಡರು. 1912ರಲ್ಲಿ ಸಿಯರ್ಸ್ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸೆನ್‌ವಾಲ್ಡ್, ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಜೊತೆ ಸೇರಿ ಒಂದು ಯೋಜನೆ ಶುರು ಮಾಡಿದರು. 1932ರ ಹೊತ್ತಿಗೆ ದಕ್ಷಿಣದ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳು ಎದ್ದವು. ಇವನ್ನು ಈಗಲೂ 'ರೋಸೆನ್‌ವಾಲ್ಡ್ ಶಾಲೆಗಳು' ಅನ್ನುತ್ತಾರೆ. ಲೆಕ್ಕ ತೆಗೆದರೆ ರೋಸೆನ್‌ವಾಲ್ಡ್ ಕಡೆಯಿಂದ ಬಂದಿದ್ದು ಸುಮಾರು 43 ಲಕ್ಷ ಡಾಲರ್. ಕಪ್ಪು ಜನ ಚಂದಾ ಎತ್ತಿದ್ದು ಸುಮಾರು 47 ಲಕ್ಷ. ಉಳಿದ ದೊಡ್ಡ ಪಾಲು ಸಾರ್ವಜನಿಕ ಹಣ, ಅದರಲ್ಲೂ ಅವರ ತೆರಿಗೆ ಇತ್ತು. ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದವರು ಒಂದು ತುಂಡು ನೆಲದ ಹತ್ತಿಯನ್ನು ಶಾಲೆಗೆ ಅಂತ ಮೀಸಲಿಟ್ಟು ಬೆಳೆಯುತ್ತಿದ್ದರು. ಹಣ ಇಲ್ಲದವರು ಮರ ಕೊಟ್ಟರು, ಮೈಬಗ್ಗಿಸಿ ಕೆಲಸ ಮಾಡಿದರು. ಕಟ್ಟಿದ ಮೇಲೆ ಜಾಗ, ಕಟ್ಟಡ ಎರಡನ್ನೂ ಸರ್ಕಾರಿ ಶಾಲಾ ವ್ಯವಸ್ಥೆಯ ಹೆಸರಿಗೆ ಬರೆದುಕೊಡಬೇಕಿತ್ತು. ಅದನ್ನು ನಡೆಸುತ್ತಿದ್ದ ಮಂಡಳಿಗಳಲ್ಲಿ ಇದ್ದವರು ಬಿಳಿಯರು. ಚಂದಾ ಒಬ್ಬರದ್ದು, ಯಜಮಾನಿಕೆ ಇನ್ನೊಬ್ಬರದ್ದು.

ಏನು ಕಲಿಸಬೇಕು ಅನ್ನುವುದರಲ್ಲೂ ಜಗಳ ಇತ್ತು. 1868ರಲ್ಲಿ ಶುರುವಾದ ಹ್ಯಾಂಪ್ಟನ್ ಸಂಸ್ಥೆಯಲ್ಲಿ ಓದಿನ ಜೊತೆ ಹೊಲ, ಬಟ್ಟೆ ಒಗೆಯುವುದು, ಮರ ಕೊಯ್ಯುವುದು ಎಲ್ಲ ಇತ್ತು. ಕೈಕೆಲಸವೇ ಇವರಿಗೆ ಸೂಕ್ತ ಅನ್ನುವ ಈ ಮಾದರಿ ಉತ್ತರದ ದಾನಿಗಳಿಗೆ ಬಹಳ ಹಿಡಿಸಿತು. ಕಪ್ಪು ವಿದ್ವಾಂಸ ಡು ಬೋಯ್ಸ್ 1903ರಲ್ಲಿ ಇದನ್ನು ನೇರವಾಗಿ ಎದುರಿಸಿದರು, ನಮ್ಮವರಿಗೆ ಉನ್ನತ ಶಿಕ್ಷಣವೂ ಬೇಕು ಅಂದರು. ಈ ಮಾದರಿಯ ಪರ ಇದ್ದ ವಾಷಿಂಗ್ಟನ್ ಮತ್ತು ಡು ಬೋಯ್ಸ್ ಜಗಳದ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ, ಇಲ್ಲಿ ಬೆಳೆಸುವುದಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಹ್ಯಾಂಪ್ಟನ್‌ನಿಂದ ಹೊರಟ ಇನ್ನೊಂದು ದಾರಿ.

ಸೇನಾಧಿಕಾರಿ ರಿಚರ್ಡ್ ಪ್ರ್ಯಾಟ್ 1878ರಲ್ಲಿ ತನ್ನ ಕಾವಲಿನಲ್ಲಿದ್ದ ಕೆಲವು ಮೂಲನಿವಾಸಿ (ಅಮೆರಿಕನ್ ಇಂಡಿಯನ್) ಕೈದಿಗಳನ್ನು ಹ್ಯಾಂಪ್ಟನ್‌ಗೆ ಕರೆತಂದರು. ಮರುವರ್ಷ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗೆ ವಸತಿಶಾಲೆ ತೆರೆದರು. ಕಪ್ಪು ಮಕ್ಕಳಿಗೆ ಶಾಲೆ ಇಲ್ಲ ಅನ್ನುತ್ತಿದ್ದ ದೇಶ ಈ ಮಕ್ಕಳನ್ನು ಒತ್ತಾಯದಿಂದ ಶಾಲೆಗೆ ಎಳೆದುಕೊಂಡು ಬಂತು. ಮೊದಲ ವರ್ಷ ಬಂದ ಲಕೋಟ ಬುಡಕಟ್ಟಿನ ಹುಡುಗ ಲೂಥರ್ ಸ್ಟ್ಯಾಂಡಿಂಗ್ ಬೇರ್ ಮುಂದೆ ಅದನ್ನೆಲ್ಲ ಬರೆದಿಟ್ಟರು. ಕಪ್ಪು ಹಲಗೆಯ ಮೇಲೆ ಏನೋ ಗೀಚಿತ್ತು. ಅವು ಬಿಳಿಯರ ಹೆಸರುಗಳು, ಒಂದನ್ನು ಆರಿಸಿಕೋ ಅಂತ ದುಭಾಷಿ ಹೇಳಿದ. ಕೈಗೆ ಕೋಲು ಕೊಟ್ಟರು. ಓದಲು ಬಾರದ ಹುಡುಗ ಒಂದು ಗೀಚಿನ ಮೇಲೆ ಕೋಲಿಟ್ಟ. ಆ ಹೆಸರನ್ನು ಬಟ್ಟೆಯ ಚೂರಿನ ಮೇಲೆ ಬರೆದು ಅವನ ಅಂಗಿಯ ಬೆನ್ನಿಗೆ ಹೊಲಿದರು. ಹೀಗೆ ಓಟ ಕ್ಟೆ ಎಂಬ ಹುಡುಗ ಲೂಥರ್ ಆದ. ಆಮೇಲೆ ಕೂದಲು ಕತ್ತರಿಸಿದರು, ಸಮವಸ್ತ್ರ ಹಾಕಿದರು. ತಮ್ಮ ಭಾಷೆ ಆಡುವ ಹಾಗಿರಲಿಲ್ಲ. ಅರ್ಧ ದಿನ ಪಾಠ, ಅರ್ಧ ದಿನ ಕೆಲಸ. ಎಷ್ಟೋ ಮಕ್ಕಳನ್ನು ಬಿಳಿಯರ ಮನೆ, ಹೊಲಗಳಿಗೆ ದುಡಿಯಲು ಕಳಿಸುತ್ತಿದ್ದರು, ಅದನ್ನೂ ಶಿಕ್ಷಣ ಅಂತಲೇ ಕರೆದರು. ಕಾರ್ಲೈಲ್ 1918ರಲ್ಲಿ ಮುಚ್ಚಿತು, ಆದರೆ ಅದೇ ಮಾದರಿಯ ಶಾಲೆಗಳು ಎಷ್ಟೋ ಕಡೆ ನಡೆದವು. ಅಮೆರಿಕದ ಆಂತರಿಕ ಇಲಾಖೆಯ 2024ರ ವರದಿ 417 ಶಾಲೆಗಳನ್ನು ಗುರುತಿಸಿದೆ. ಕನಿಷ್ಠ 973 ಮಕ್ಕಳು ಅಲ್ಲಿ ಸತ್ತಿದ್ದಾರೆ ಅನ್ನುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್ ಅಧಿಕೃತವಾಗಿ ಕ್ಷಮೆ ಕೇಳಿದರು.

ಶಾಲೆ ಸಿಕ್ಕಿತಾ ಇಲ್ಲವಾ ಅಂತ ಮಾತ್ರ ಕೇಳಿದರೆ ಕಾರ್ಲೈಲ್ ಸಾಧನೆಯ ಪಟ್ಟಿಗೆ ಸೇರಿಬಿಡುತ್ತದೆ. ನೀವು ಕೇಳಿದ ಆ ವಿಮರ್ಶಾತ್ಮಕ ಇತಿಹಾಸಕ್ಕೆ ಕೆಲಸ ಇರುವುದು ಇಂಥ ಕಡೆ.

ಏಷ್ಯಾ ಮತ್ತು ಮೆಕ್ಸಿಕೋ ಮೂಲದವರ ಕಥೆಯೂ ದೊಡ್ಡದು, ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1885ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಮಿ ಟೇಪ್ ಎಂಬ ಚೀನೀ ಮೂಲದ ಹುಡುಗಿಯನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕು ಅಂತ ಕೋರ್ಟು ತೀರ್ಪು ಕೊಟ್ಟಿತು. ತಕ್ಷಣ ರಾಜ್ಯ ಕಾನೂನು ಬದಲಿಸಿ ಚೀನೀ ಮಕ್ಕಳಿಗೆ ಬೇರೆ ಶಾಲೆ ಮಾಡಿತು. ಕೇಸು ಗೆದ್ದ ಹುಡುಗಿ ಹೋಗಿದ್ದು ಆ ಬೇರೆ ಶಾಲೆಗೇ. ಕ್ಯಾಲಿಫೋರ್ನಿಯಾದಲ್ಲೇ 1947ರಲ್ಲಿ ಮೆಂಡೆಸ್ ಕುಟುಂಬ ಮತ್ತು ಜೊತೆಯವರು ಮೆಕ್ಸಿಕನ್ ಮಕ್ಕಳ ಪ್ರತ್ಯೇಕ ಶಾಲೆಗಳ ವಿರುದ್ಧ ಮೇಲ್ಮನವಿ ಕೋರ್ಟಿನಲ್ಲೂ ಗೆದ್ದರು, ಬ್ರೌನ್‌ಗಿಂತ ಏಳು ವರ್ಷ ಮೊದಲು.

ಇನ್ನು ಬ್ರೌನ್. ಆ ತೀರ್ಪಿನಲ್ಲಿ ಸೇರಿದ ಕೇಸುಗಳಲ್ಲಿ ಒಂದು ಹುಟ್ಟಿದ್ದು ಬಸ್ಸಿನಿಂದ. ಸೌತ್ ಕ್ಯಾರೊಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ ಬಿಳಿ ಮಕ್ಕಳಿಗೆ ಶಾಲಾ ಬಸ್ ಇತ್ತು, ಕಪ್ಪು ಮಕ್ಕಳು ಮೈಲಿಗಟ್ಟಲೆ ನಡೆಯುತ್ತಿದ್ದರು. ಪೋಷಕರೇ ಹಳೇ ಬಸ್ಸೊಂದನ್ನು ಕೊಂಡು, ಪೆಟ್ರೋಲ್ ಖರ್ಚಾದರೂ ಕೊಡಿ ಅಂತ ಮಂಡಳಿಯನ್ನು ಕೇಳಿದರು. ಇಲ್ಲ ಅಂದರು. ಲೆವೈ ಪಿಯರ್ಸನ್ ಎಂಬ ರೈತ 1947ರಲ್ಲಿ ದಾವೆ ಹೂಡಿದರು. ನಿಮ್ಮ ತೆರಿಗೆ ಬೇರೆ ಶಾಲಾ ವಲಯಕ್ಕೆ ಸೇರುತ್ತದೆ ಅನ್ನುವ ನೆಪದಲ್ಲಿ ಅದು ಬಿದ್ದುಹೋಯಿತು. ಮುಂದಿನ ಅರ್ಜಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು, ಅವರ ಹೆಂಡತಿ ಎಲೈಜಾ ಕೂಡ. ಮುಂದಾಳು ಪಾದ್ರಿ ಜೋಸೆಫ್ ಡಿಲೇನ್ ಅವರ ಮನೆ ಸುಟ್ಟುಹೋಯಿತು. ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ 180 ಮಕ್ಕಳಿಗೆ ಕಟ್ಟಿದ ಹೈಸ್ಕೂಲಿನಲ್ಲಿ 450ಕ್ಕೂ ಜಾಸ್ತಿ ಮಕ್ಕಳು ತುಂಬಿದ್ದರು. ಡಾಂಬರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ. 1951ರಲ್ಲಿ 16 ವರ್ಷದ ಬಾರ್ಬರಾ ಜಾನ್ಸ್ ಮುಂದೆ ನಿಂತು ಇಡೀ ಶಾಲೆಯನ್ನು ಮುಷ್ಕರಕ್ಕೆ ಇಳಿಸಿದಳು. ಅವಳ ಗುಂಪು ಮೊದಲು ಕೇಳಿದ್ದು ಒಳ್ಳೆಯ ಕಟ್ಟಡ. ಪ್ರತ್ಯೇಕತೆಯ ವಿರುದ್ಧವೇ ಹೋರಾಡುವುದಾದರೆ ಮಾತ್ರ ಕೇಸು ಹಿಡಿಯುತ್ತೇವೆ ಅಂತ ವಕೀಲರು ಹೇಳಿದ ಮೇಲೆ ಬೇಡಿಕೆ ಬದಲಾಯಿತು.

ತೀರ್ಪು ದೊಡ್ಡದು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದನ್ನು ಜಾರಿ ಮಾಡಿದವರು ಅವೇ ಹಳೇ ಮಂಡಳಿಗಳು. ಬ್ರೌನ್ ಕುಟುಂಬದ ಊರಾದ ಕಾನ್ಸಾಸ್‌ನ ಟೊಪೀಕಾದಲ್ಲಿ ತೀರ್ಪಿಗೂ ಒಂದು ವರ್ಷ ಮೊದಲೇ, 1953ರ ಮಾರ್ಚ್‌ನಲ್ಲಿ, ಶಾಲಾ ಅಧೀಕ್ಷಕರು ಒಬ್ಬ ಕಪ್ಪು ಶಿಕ್ಷಕಿಗೆ ಕಾಗದ ಬರೆದರು. ಕೋರ್ಟು ಪ್ರತ್ಯೇಕತೆ ರದ್ದು ಮಾಡಿದರೆ, ಬಿಳಿ ಮಕ್ಕಳಿಗೆ ಕಪ್ಪು ಶಿಕ್ಷಕರು ಬೇಡ ಅಂತಲೇ ಊರಿನ ಹೆಚ್ಚಿನವರು ಹೇಳುತ್ತಾರೆ ಅಂತ ನಾವು ಭಾವಿಸುತ್ತೇವೆ, ಹಾಗಾಗಿ ಮುಂದಿನ ವರ್ಷದ ಕೆಲಸ ಈಗ ಖಾತ್ರಿ ಮಾಡಲಾಗದು. ಕಾಗದದ ಸಾರಾಂಶ ಇಷ್ಟು. ದಕ್ಷಿಣದಲ್ಲಿ ಇದೇ ದೊಡ್ಡ ಮಟ್ಟದಲ್ಲಿ ನಡೆಯಿತು. ಶಾಲೆಗಳನ್ನು ಸೇರಿಸುವಾಗ ಮುಚ್ಚಿದ್ದು ಸಾಮಾನ್ಯವಾಗಿ ಕಪ್ಪು ಮಕ್ಕಳ ಶಾಲೆ, ಮನೆಗೆ ಹೋದವರು ಕಪ್ಪು ಶಿಕ್ಷಕರು. 1954ರಿಂದ 1965ರ ನಡುವೆ 17 ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು ಅನ್ನುವ ಅಂದಾಜಿದೆ. ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡ ಅಂತ 1959ರಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿತು. ಐದು ವರ್ಷ! ಬಿಳಿ ಮಕ್ಕಳಿಗೆ ಖಾಸಗಿ ಅಕಾಡೆಮಿ ಎದ್ದಿತು, ಅದಕ್ಕೆ ಸಾರ್ವಜನಿಕ ಹಣದ ನೆರವೂ ಸಿಕ್ಕಿತು.

ಕೆಲಸ ಕಳೆದುಕೊಂಡ ಶಿಕ್ಷಕರಲ್ಲಿ ಸೆಪ್ಟಿಮಾ ಕ್ಲಾರ್ಕ್ ಒಬ್ಬರು. ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸದಸ್ಯತ್ವ ಬಿಡಲಿಲ್ಲ ಅಂತ 1956ರಲ್ಲಿ ತೆಗೆದರು, ಪಿಂಚಣಿಯೂ ಹೋಯಿತು. ಮುಂದಿನ ವರ್ಷ ಸೌತ್ ಕ್ಯಾರೊಲಿನಾದ ಜಾನ್ಸ್ ಐಲೆಂಡ್ ದ್ವೀಪದಲ್ಲಿ ದೊಡ್ಡವರಿಗೆ ಅವರು ಶುರು ಮಾಡಿಸಿದ ಶಾಲೆ ನನಗೆ ಇಡೀ ಇತಿಹಾಸದಲ್ಲೇ ಅಚ್ಚುಮೆಚ್ಚು. ಮುಂದೆ ಕಿರಾಣಿ ಅಂಗಡಿ, ಹಿಂದಿನ ಕೋಣೆಯಲ್ಲಿ ತರಗತಿ. ಬಿಳಿಯರ ಕಣ್ಣಿಗೆ ಬೀಳಬಾರದು ಅಂತ ಈ ಏರ್ಪಾಡು. ಕಲಿಸಿದ್ದು ಬರ್ನಿಸ್ ರಾಬಿನ್ಸನ್, ಕಸುಬು ಬ್ಯೂಟಿ ಪಾರ್ಲರ್. ಮೊದಲ ತರಗತಿಯಲ್ಲಿ ಅವರು ಕೇಳಿದ್ದು ನಿಮಗೇನು ಕಲಿಯಬೇಕು ಅಂತ. ಹೆಸರು ಬರೆಯಬೇಕು, ಮನಿ ಆರ್ಡರ್ ಫಾರಂ ತುಂಬಬೇಕು, ಮತದಾರರ ನೋಂದಣಿಗೆ ಓದಿ ತೋರಿಸಬೇಕಾದ ಸಂವಿಧಾನದ ಭಾಗ ಓದಬೇಕು ಅಂದರು. ಅದೇ ಪಠ್ಯವಾಯಿತು. ಇಂಥ ಶಾಲೆಗಳು ದಕ್ಷಿಣದ ತುಂಬ ಹರಡಿದವು.

ಈ ಕಾಲಕ್ಕೆ ಹತ್ತಿರದ ಒಂದು ಕೇಸು ಹೇಳುತ್ತೇನೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಎಡ್ಜ್‌ವುಡ್ ಎಂಬ ಶಾಲಾ ವಲಯ, ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಅಲ್ಲಿನ ಜನ 100 ಡಾಲರ್ ಆಸ್ತಿಗೆ 1.05 ಡಾಲರ್ ಶಾಲಾ ತೆರಿಗೆ ಕಟ್ಟುತ್ತಿದ್ದರು, ಸುತ್ತಮುತ್ತ ಅದೇ ಅತಿ ಹೆಚ್ಚು. ಅದರಿಂದ ಮಗುವೊಂದಕ್ಕೆ ಸಿಗುತ್ತಿದ್ದುದು 26 ಡಾಲರ್. ಅದೇ ನಗರದ ಶ್ರೀಮಂತ ಬಿಳಿಯರ ಅಲಾಮೋ ಹೈಟ್ಸ್‌ನಲ್ಲಿ ತೆರಿಗೆ 0.85 ಡಾಲರ್, ಸಿಗುತ್ತಿದ್ದುದು 333 ಡಾಲರ್. ಜಾಸ್ತಿ ತೆರಿಗೆ ಕಟ್ಟಿದವರಿಗೆ ಕಡಿಮೆ. ಡೆಮೆಟ್ರಿಯೋ ರೊಡ್ರಿಗೆಸ್ ಮತ್ತು ಇತರ ಪೋಷಕರು ಹಾಕಿದ ಈ ಕೇಸು 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-4ರಲ್ಲಿ ಸೋತಿತು. ಶಿಕ್ಷಣ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂತ ಬಹುಮತದ ತೀರ್ಪು ಹೇಳಿತು. ಇಲ್ಲಿ ಬಣ್ಣ ನೋಡಿ ಬೇರ್ಪಡಿಸುವ ಕಾನೂನು ಯಾವುದೂ ಇರಲಿಲ್ಲ. ಆಸ್ತಿ ತೆರಿಗೆಯ ಲೆಕ್ಕವೇ ಆ ಕೆಲಸ ಮಾಡಿತ್ತು.

ನೀವು ನಿಜವಾಗಿ ಓದಬೇಕು ಅಂತಿದ್ದರೆ ದಪ್ಪ ಪುಸ್ತಕಗಳಿಗೆ ಮೊದಲು ಈ ರೊಡ್ರಿಗೆಸ್ ತೀರ್ಪನ್ನೇ ಓದಿ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಈ ಕೇಸಿನ ಬಗ್ಗೆ ಮೇಲೆ ಕೊಟ್ಟ ತೆರಿಗೆ ಅಂಕಿಗಳೆಲ್ಲ ಅದರಲ್ಲೇ ಇವೆ. ಬಹುಮತದ ಭಾಗ ಬೇಜಾರಾದರೆ ನೇರವಾಗಿ ಥರ್ಗುಡ್ ಮಾರ್ಷಲ್ ಅವರ ಭಿನ್ನ ತೀರ್ಪಿಗೆ ಹೋಗಿ. ಬ್ರೌನ್ ಕೇಸನ್ನು ವಕೀಲರಾಗಿ ವಾದಿಸಿ ಗೆದ್ದವರು ಅವರೇ. ಆ ಹೊತ್ತಿಗೆ ನ್ಯಾಯಮೂರ್ತಿಯಾಗಿ ಒಳಗೆ ಕೂತಿದ್ದರು.