80 ಪರ್ಸೆಂಟ್ ಬ್ಲಾಕ್ ಇದೆಯಂತೆ, ಸ್ಟೆಂಟ್ ಹಾಕಿಸಲೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಆಂಜಿಯೋಗ್ರಾಂ ವರದಿಯ ಒಂದು ಸಾಲು ಬರೆದು ‘ಏನು ಮಾಡಲಿ?’ ಎಂದು ಕೇಳುತ್ತವೆ. ರೋಗಿಯ ವಯಸ್ಸು ಇರುವುದಿಲ್ಲ, ನೋವು ಯಾವಾಗ ಬರುತ್ತದೆ ಎಂಬುದಿರುವುದಿಲ್ಲ, ಎಕೋ (ಹೃದಯದ ಸ್ಕ್ಯಾನ್) ಇರುವುದಿಲ್ಲ. ಪರ್ಸೆಂಟ್ ಮಾತ್ರ ದಪ್ಪಕ್ಷರದಲ್ಲಿರುತ್ತದೆ. ಈ ಸಲ ಒಬ್ಬರು ಎಲ್ಲ ವಿವರ ಬರೆದಿದ್ದಾರೆ, ಆದ್ದರಿಂದ ಜಾಗವೆಲ್ಲ ಹೆಚ್ಚುಕಡಿಮೆ ಅವರದೇ. ಉಳಿದವರು ಬೇಸರಿಸಬಾರದು.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. 12 ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ವರ್ಷದಿಂದ ಮೆಟ್ಟಿಲು ಹತ್ತಿದರೆ ಎದೆ ಹಿಂಡಿದಂತಾಗುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತದೆ. ಎಕೋದಲ್ಲಿ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು) 55 ಪರ್ಸೆಂಟ್. ಆಂಜಿಯೋಗ್ರಾಂನಲ್ಲಿ ಹೃದಯಕ್ಕೆ ರಕ್ತ ಒಯ್ಯುವ ಮೂರು ನಾಳಗಳಲ್ಲಿ ಬ್ಲಾಕ್: ಎಲ್‌ಎಡಿ 80, ಆರ್‌ಸಿಎ 70, ಓಎಂ 60 ಪರ್ಸೆಂಟ್. ‘ಟೇಬಲ್ ಮೇಲಿರುವಾಗಲೇ ಮೂರು ಸ್ಟೆಂಟ್ ಹಾಕಿಬಿಡೋಣ, ಹತ್ತು ನಿಮಿಷದಲ್ಲಿ ಹೇಳಿ’ ಎಂದರು. ಹೆದರಿ ಮನೆಗೆ ಕರೆತಂದೆವು. ಇನ್ನೊಂದು ಕಡೆ ಬೈಪಾಸ್ ಎಂದರು, ಮತ್ತೊಬ್ಬರು ಮಾತ್ರೆ ಸಾಕು ಎಂದರು. ತಪ್ಪು ಮಾಡಿದೆವೇ? (ತಿಪಟೂರಿನ ಓದುಗರು)

ಉತ್ತರ: ಕರೆತಂದದ್ದು ತಪ್ಪಲ್ಲ. ಹೃದಯಾಘಾತ ಆಗುತ್ತಿರುವವರಿಗೆ ಟೇಬಲ್ ಮೇಲೆಯೇ ತೀರ್ಮಾನಿಸಬೇಕು, ಅಲ್ಲಿ ಮನೆಯವರನ್ನು ಕೂರಿಸಿ ಪಾಠ ಮಾಡಲು ಸಮಯವಿರುವುದಿಲ್ಲ. ನಿಮ್ಮ ತಂದೆಗೆ ಆದದ್ದು ಅದಲ್ಲ. ವರ್ಷದಿಂದ ಒಂದೇ ತೆರನಾಗಿರುವ, ನಿಂತರೆ ಹೋಗುವ ನೋವಿಗೆ ಹತ್ತು ನಿಮಿಷದ ಗಡುವು ಏಕೆ?

ಆ ಪರ್ಸೆಂಟ್ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಡೈ ಹರಿದ ರಕ್ತನಾಳದ ಚಿತ್ರ ನೋಡಿ, ಕಿರಿದಾದ ಜಾಗವನ್ನು ಪಕ್ಕದ ಚೆನ್ನಾಗಿರುವ ಭಾಗಕ್ಕೆ ಹೋಲಿಸಿ ಹೇಳುವ ಕಣ್ಣಳತೆ ಅದು. ಒಂದೇ ಸಿ.ಡಿ.ಯಲ್ಲಿ ಒಬ್ಬರಿಗೆ 60, ಇನ್ನೊಬ್ಬರಿಗೆ 75 ಕಾಣುವುದು ನಿತ್ಯದ ಮಾತು. ಸಕ್ಕರೆ ಕಾಯಿಲೆಯವರಲ್ಲಿ ಪಕ್ಕದ ಭಾಗವೂ ಉದ್ದಕ್ಕೂ ಕೊಬ್ಬು ಮೆತ್ತಿಕೊಂಡು ಸಣ್ಣಗಾಗಿರುತ್ತದೆ, ಆಗ ಹೋಲಿಕೆಯೇ ಕೆಡುತ್ತದೆ. ಮೇಲಾಗಿ ಈ ಲೆಕ್ಕ ವ್ಯಾಸದ್ದು. ವ್ಯಾಸ 50 ಪರ್ಸೆಂಟ್ ಕುಗ್ಗಿದರೆ ಒಳದಾರಿಯ ವಿಸ್ತೀರ್ಣ 75 ಪರ್ಸೆಂಟ್ ಹೋಗಿರುತ್ತದೆ. ವ್ಯಾಸ 70 ಕುಗ್ಗಿದರೆ ವಿಸ್ತೀರ್ಣ 91. ಹೆದರಿಸಬೇಕೆಂದಿರುವವರು ಎರಡನೆಯ ಸಂಖ್ಯೆ ಹೇಳುತ್ತಾರೆ. ಯಾವ ಲೆಕ್ಕ ಎಂದು ಕೇಳಿ, ನಾಚಿಕೆ ಬೇಡ.

ಕಣ್ಣಳತೆಯ ಅನುಮಾನ ತೀರಿಸಲು ಎಫ್‌ಎಫ್‌ಆರ್ ಇದೆ. ತುದಿಯ ಬಳಿ ಒತ್ತಡ ಅಳೆಯುವ ಸಣ್ಣ ಸೆನ್ಸರ್ ಇರುವ ತಂತಿಯನ್ನು ಬ್ಲಾಕ್ ದಾಟಿಸಿ, ಅಡಿನೋಸಿನ್ ಕೊಟ್ಟು ರಕ್ತದ ಹರಿವು ಏರಿಸಿ, ಬ್ಲಾಕ್‌ನ ಆಚೆಗಿನ ಒತ್ತಡವನ್ನು ಮಹಾಪಧಮನಿಯ ಒತ್ತಡದಿಂದ ಭಾಗಿಸುತ್ತಾರೆ. ಈಚೆ 100, ಆಚೆ 78 ಇದ್ದರೆ 0.78. ಉತ್ತರ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ನಿಜವಾಗಿಯೂ ರಕ್ತ ತಡೆಯುತ್ತಿದೆ. ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಮುಟ್ಟಬೇಕಿಲ್ಲ. ಇದರಲ್ಲೂ ಎಡವುವುದುಂಟು. ಅಡಿನೋಸಿನ್ ಸಾಲದಿದ್ದರೆ, ಅಥವಾ ರೋಗಿ ಬೆಳಿಗ್ಗೆ ಸ್ಟ್ರಾಂಗ್ ಕಾಫಿ ಕುಡಿದು ಬಂದಿದ್ದರೆ, ಹರಿವು ಪೂರ್ತಿ ಏರುವುದಿಲ್ಲ, ಕೆಟ್ಟ ಬ್ಲಾಕ್ ಕೂಡ 0.84 ಎಂದು ತೋರಿಸಬಹುದು. ಕೊನೆಗೆ ತಂತಿಯನ್ನು ಹಿಂದಕ್ಕೆಳೆದು ಎರಡೂ ಒತ್ತಡ ಸಮ ಬರುತ್ತವೆಯೇ ಎಂದು ನೋಡದಿದ್ದರೆ ಆ ಸಂಖ್ಯೆಯನ್ನು ನಂಬುವಂತಿಲ್ಲ. ನಿಮ್ಮ ತಂದೆಯ ಆರ್‌ಸಿಎ 70, ಓಎಂ 60 ಇವೆರಡೂ ಹೀಗೆ ಅಳೆಯಬೇಕಾದವು. ತಂತಿಗೆ ಖರ್ಚಿದೆ. ಬೇಡದ ಸ್ಟೆಂಟ್‌ಗೂ ಖರ್ಚಿದೆ, ಅದರ ಹಿಂದೆ ತಿಂಗಳುಗಟ್ಟಲೆ ಎರಡು ಬಗೆಯ ರಕ್ತ ತೆಳುಮಾಡುವ ಮಾತ್ರೆಯೂ ಇದೆ.

ಬೈಪಾಸ್ ಎಂದವರು ಸುಮ್ಮನೆ ಹೇಳಿಲ್ಲ. 2012ರಲ್ಲಿ ಪ್ರಕಟವಾದ ಫ್ರೀಡಂ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಜೊತೆಗೆ ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,900 ಮಂದಿ ಇದ್ದರು. 5 ವರ್ಷದಲ್ಲಿ ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 16.3 ಮಂದಿ, ಬೈಪಾಸ್ ಗುಂಪಿನಲ್ಲಿ 10.9 ಮಂದಿ ತೀರಿಕೊಂಡರು. ಪಾರ್ಶ್ವವಾಯು ಮಾತ್ರ ಬೈಪಾಸ್‌ನಲ್ಲಿ ಹೆಚ್ಚು: 5.2, ಸ್ಟೆಂಟ್‌ನಲ್ಲಿ 2.4. ಕಾರಣ ಸರಳ. ಸ್ಟೆಂಟ್ ತಾನಿರುವ ಎರಡು ಮೂರು ಸೆಂಟಿಮೀಟರ್ ಜಾಗವನ್ನಷ್ಟೇ ಕಾಯುತ್ತದೆ. ಬೈಪಾಸ್ ನಾಳದ ಮೇಲ್ಭಾಗವನ್ನು ಪೂರ್ತಿ ಬಿಟ್ಟು ಕೆಳಗೆ ಹೊಸ ಕಾಲುವೆ ತೋಡುತ್ತದೆ, ಮುಂದೆ ಮೇಲೆಲ್ಲೋ ಹೊಸ ಬ್ಲಾಕ್ ಆದರೂ ನೀರು ನಿಲ್ಲುವುದಿಲ್ಲ. ಎದೆಗೂಡಿನ ಒಳಗೋಡೆಯ ಎಡ ಅಪಧಮನಿಯನ್ನು, ನಾವು ಲಿಮಾ ಎನ್ನುವುದನ್ನು, ಎಲ್‌ಎಡಿಗೆ ಜೋಡಿಸಿದರೆ ಬಹುಮಂದಿಯಲ್ಲಿ ಹತ್ತು ವರ್ಷ ಕಳೆದರೂ ತೆರೆದಿರುತ್ತದೆ. ಕಾಲಿನಿಂದ ತೆಗೆದ ಸಿರೆಗೆ ಅಷ್ಟು ಬಾಳಿಕೆಯಿಲ್ಲ.

‘ಮಾತ್ರೆ ಸಾಕು’ ಎಂದವರಿಗೂ ಆಧಾರವಿದೆ. 5,179 ಮಂದಿಯ ಇಸ್ಕೀಮಿಯಾ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸ್ಥಿರವಾದ ಎದೆನೋವಿನವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ನೋವು ಮಾತ್ರ ಕಡಿಮೆಯಾಯಿತು. ‘ಸ್ಟೆಂಟ್ ಹಾಕಿಸಿಕೊಂಡರೆ ಅಟ್ಯಾಕ್ ಆಗಲ್ಲ ಅಲ್ವಾ ಡಾಕ್ಟ್ರೇ?’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಅಟ್ಯಾಕ್ ಎಷ್ಟೋ ಸಲ ಆಗುವುದು 40–50 ಪರ್ಸೆಂಟ್ ಇದ್ದ, ಯಾರೂ ಲೆಕ್ಕಕ್ಕಿಡದಿದ್ದ ಮೆತ್ತನೆಯ ಕೊಬ್ಬಿನ ಗುಳ್ಳೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಆ ಗುಳ್ಳೆಯನ್ನು ಗಟ್ಟಿ ಮಾಡುವುದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಆದರೆ ಈ ಅಧ್ಯಯನದಲ್ಲಿ ಎಡ ಮುಖ್ಯನಾಳದ ಬ್ಲಾಕ್ ಇದ್ದವರು, ಇಎಫ್ 35ಕ್ಕಿಂತ ಕೆಳಗಿನವರು, ಹೊಸದಾಗಿ ಅಟ್ಯಾಕ್ ಆದವರು ಇರಲಿಲ್ಲ. ಅವರಿಗೆ ಇದನ್ನು ಅನ್ವಯಿಸಬೇಡಿ.

ಈಗ ಮಾಡಬೇಕಾದದ್ದು: ಆಂಜಿಯೋಗ್ರಾಂನ ಸಿ.ಡಿ. ತೆಗೆದುಕೊಳ್ಳಿ, ಅದು ನಿಮ್ಮದು, ಬರೀ ಕಾಗದ ಸಾಲದು. ಹೃದ್ರೋಗ ತಜ್ಞರೂ ಹೃದಯ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಕೂತು ನೋಡುವ ಆಸ್ಪತ್ರೆಗೆ ಒಯ್ಯಿರಿ. ಬ್ಲಾಕ್‌ಗಳು ಎಷ್ಟು ಜಟಿಲ ಎಂದು ಅಳೆಯುವ ಸಿಂಟ್ಯಾಕ್ಸ್ ಸ್ಕೋರ್ ಎಷ್ಟು ಎಂದು ಕೇಳಿ. 22ರವರೆಗೆ ಸುಲಭದ ಬ್ಲಾಕ್‌ಗಳು, 33 ಮತ್ತು ಮೇಲೆ ಜಟಿಲ. ಎಫ್‌ಎಫ್‌ಆರ್‌ನಲ್ಲಿ ಆರ್‌ಸಿಎ, ಓಎಂ ಎರಡೂ ಪಾಸಾಗಿ ಎಲ್‌ಎಡಿ ಒಂದೇ ಉಳಿದರೆ ಮಾತ್ರೆ, ಅದಕ್ಕೂ ನೋವು ಬಗ್ಗದಿದ್ದರೆ ಒಂದು ಸ್ಟೆಂಟ್. ಆದರೆ ಬ್ಲಾಕ್ ಎಲ್‌ಎಡಿಯ ಬುಡದಲ್ಲೇ ಇದ್ದರೆ ಶಸ್ತ್ರಚಿಕಿತ್ಸಕರ ಮಾತನ್ನೂ ಕೇಳಿ. ಎರಡು ಮೂರು ನಾಳ ನಿಜಕ್ಕೂ ಕೆಟ್ಟಿದ್ದರೆ ನನ್ನ ಒಲವು ಬೈಪಾಸ್ ಕಡೆಗೆ. 61 ವರ್ಷ, ಇಎಫ್ 55, ಶಸ್ತ್ರಕ್ರಿಯೆ ತಡೆದುಕೊಳ್ಳುವ ಹೃದಯ. ರಕ್ತ ತೆಳುಮಾಡುವ ಕ್ಲೋಪಿಡೋಗ್ರೆಲ್ ಮಾತ್ರೆ ಶುರುಮಾಡಿದ್ದರೆ ಶಸ್ತ್ರಚಿಕಿತ್ಸಕರಿಗೆ ಮೊದಲೇ ಹೇಳಿ, ಬೈಪಾಸ್‌ಗೆ 5 ದಿನ ಮುಂಚೆ ಅದನ್ನು ಅವರು ನಿಲ್ಲಿಸಬೇಕು, ನೀವಲ್ಲ.

ಯಾವ ದಾರಿ ಹಿಡಿದರೂ ಆಸ್ಪಿರಿನ್ 75 ಮಿ.ಗ್ರಾಂ, ಅಟೋರ್ವಾಸ್ಟ್ಯಾಟಿನ್ 40ರಿಂದ 80 ಮಿ.ಗ್ರಾಂ ತಪ್ಪುವುದಿಲ್ಲ. ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತ ಕೆಳಗೆ ಬರಬೇಕು. ಲ್ಯಾಬ್ ವರದಿಯಲ್ಲಿ ‘100ರವರೆಗೆ ನಾರ್ಮಲ್’ ಎಂದಿರುವುದು ನಿಮ್ಮ ತಂದೆಗಲ್ಲ. ಮತ್ತು ನೋವು ಕೂತಾಗಲೂ ಬಂದರೆ, 15–20 ನಿಮಿಷಕ್ಕೂ ಹೋಗದಿದ್ದರೆ, ಮೇಲಿನ ಚರ್ಚೆಯೆಲ್ಲ ಬದಿಗಿಟ್ಟು 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಎದೆ ಉರಿ, ಬೆವರು ಬಂತು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು, ಆಮೇಲೆ ಇಸಿಜಿ ಮಾಡಿಸಿದೆ. ನಾರ್ಮಲ್. ಆದರೂ ಡಾಕ್ಟರ್ ಇರಲು ಹೇಳುತ್ತಿದ್ದಾರೆ.

ಉತ್ತರ: ಇರಿ. ಇಸಿಜಿ ಹೇಳುವುದು ಸುಮಾರು ಹತ್ತು ಸೆಕೆಂಡಿನ ಕಥೆ. ಅಟ್ಯಾಕ್ ಶುರುವಾದಾಗ ಅದು ನಾರ್ಮಲ್ ಇರಬಹುದು. ನೋವಿದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಅನ್ನು ನೀವು ಆಸ್ಪತ್ರೆಗೆ ಬಂದಾಗೊಮ್ಮೆ, ಮತ್ತೆ 3 ಗಂಟೆಯ ಹೊತ್ತಿಗೊಮ್ಮೆ ನೋಡಬೇಕು. ಗ್ಯಾಸ್ಟ್ರಿಕ್ ಎಂಬುದು ಈ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಉಳಿಯುವ ಹೆಸರು. ಮೊದಲೇ ನಾವೇ ಇಟ್ಟುಕೊಳ್ಳುವುದಲ್ಲ.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟರು, ನೋವು ಹೋಯಿತು. ಮತ್ತೇಕೆ ದೊಡ್ಡ ಆಸ್ಪತ್ರೆಗೆ?

ಉತ್ತರ: ಇಂಜೆಕ್ಷನ್ ಹೆಪ್ಪನ್ನು ಕರಗಿಸಿತು. ಹೆಪ್ಪು ಕೂತಿದ್ದ ಕಿರಿದು ಜಾಗ ಹಾಗೇ ಇದೆ. 3ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. 60–90 ನಿಮಿಷದಲ್ಲಿ ಇಸಿಜಿಯಲ್ಲಿ ಅಟ್ಯಾಕ್ ತೋರಿಸುವ ಎಸ್‌ಟಿ ಗೆರೆಯ ಏರಿಕೆ ಅರ್ಧಕ್ಕೆ ಇಳಿಯದಿದ್ದರೆ ಕಾಯದೆ ತಕ್ಷಣ ಹೊರಡಬೇಕು. ‘ಬೆಳಿಗ್ಗೆ ಹೋದರಾಯಿತು’ ಎನ್ನುವ ನೆಂಟರನ್ನು ಹೊರಗೆ ಕೂರಿಸಿ.

ಪ್ರಶ್ನೆ: ಶುಂಠಿ, ಬೆಳ್ಳುಳ್ಳಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕ್ ಕರಗುತ್ತದೆಯಂತೆ?

ಉತ್ತರ: ಕರಗದು. ಸಕ್ಕರೆ ಕಾಯಿಲೆಯವರಿಗೆ ಆ ಜೇನೇ ಒಂದು ಹೊರೆ.

ಪ್ರಶ್ನೆ: ಡ್ರಿಪ್ ಹಾಕಿ ಆಪರೇಷನ್ ಇಲ್ಲದೆ ಬ್ಲಾಕ್ ತೆಗೆಯುವ ಕೀಲೇಷನ್?

ಉತ್ತರ: ಅಟ್ಯಾಕ್ ಆಗಿದ್ದ ಸಕ್ಕರೆ ಕಾಯಿಲೆಯವರಲ್ಲಿ ನಡೆಸಿದ ದೊಡ್ಡ ಅಧ್ಯಯನ 2024ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ. ಆ ಡ್ರಿಪ್‌ನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ವೇಗವಾಗಿ ಹರಿದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಇಪ್ಪತ್ತು ಮೂವತ್ತು ಡ್ರಿಪ್‌ಗೆ ಮುಂಗಡ ಹಣ ಕಟ್ಟಿಸಿಕೊಳ್ಳುವವರು ನಿಮ್ಮ ಸ್ಟ್ಯಾಟಿನ್ ಬಿಡಿಸಿದರೆ ಅದು ಇನ್ನೂ ದೊಡ್ಡ ಅಪರಾಧ.

ಪ್ರಶ್ನೆ: ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮಿದರೆ ಅಟ್ಯಾಕ್ ನಿಲ್ಲುತ್ತದೆಯೇ?

ಉತ್ತರ: ಇಲ್ಲ. ಕೆಮ್ಮುವ ಉಸಿರಿನಲ್ಲಿ 108ಕ್ಕೆ ಮಾತನಾಡಿ.

ಪ್ರಶ್ನೆ: ಎದೆನೋವು ಬಂದಾಗ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ ಜೇಬಿನಲ್ಲಿ ಇಟ್ಟುಕೊಳ್ಳಲೇ?

ಉತ್ತರ: ವೈದ್ಯರು ಬರೆದುಕೊಟ್ಟಿದ್ದರೆ. ನಿಂತುಕೊಂಡು ನಾಲಿಗೆಯಡಿ ಇಡಬೇಡಿ, ಬಿಪಿ ಇಳಿದು ಬೀಳುತ್ತೀರಿ. ಗಂಡಸರು ಲೈಂಗಿಕ ದೌರ್ಬಲ್ಯಕ್ಕೆ ನುಂಗುವ ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡು 24 ಗಂಟೆಯಾಗಿಲ್ಲದಿದ್ದರೆ, ಅದೇ ಬಗೆಯ ಟಡಲಾಫಿಲ್ ಆದರೆ 48 ಗಂಟೆಯಾಗಿಲ್ಲದಿದ್ದರೆ, ಸಾರ್ಬಿಟ್ರೇಟ್ ಮುಟ್ಟಲೇಬೇಡಿ. ಆಸ್ಪತ್ರೆಯಲ್ಲಿ ಸಿಲ್ಡೆನಾಫಿಲ್ ಬಗೆಯ ಮಾತ್ರೆ ನುಂಗಿದ್ದೀರಾ ಎಂದು ಕೇಳಿದಾಗ ಹೆಂಡತಿ ಪಕ್ಕದಲ್ಲಿದ್ದಾರೆಂದು ಸುಳ್ಳು ಹೇಳಬೇಡಿ.

ಪ್ರಶ್ನೆ: ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ 4 ತಿಂಗಳು. ಹಲ್ಲು ಕೀಳಲು ದಂತವೈದ್ಯರು ರಕ್ತ ತೆಳುಮಾಡುವ ಎರಡೂ ಮಾತ್ರೆ ಒಂದು ವಾರ ನಿಲ್ಲಿಸಲು ಹೇಳಿದ್ದಾರೆ.

ಉತ್ತರ: ನಿಲ್ಲಿಸಬೇಡಿ. ಅಟ್ಯಾಕ್ ಆದವರಿಗೆ ಎರಡೂ ಮಾತ್ರೆ ಸಾಮಾನ್ಯವಾಗಿ 12 ತಿಂಗಳು. ಸ್ಟೆಂಟ್‌ನ ಲೋಹದ ಮೇಲೆ ಒಳಪೊರೆ ಪೂರ್ತಿ ಬೆಳೆಯುವ ಮೊದಲು ಮಾತ್ರೆ ಬಿಟ್ಟರೆ ಅಲ್ಲೇ ಹೆಪ್ಪುಗಟ್ಟಿ ನಾಳ ಏಕಾಏಕಿ ಮುಚ್ಚಬಹುದು, ಆಗ ಜೀವಕ್ಕೇ ಅಪಾಯ. ಹಲ್ಲಿನ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಬಾಯಿ ಮುಕ್ಕಳಿಸಿ ನಿಲ್ಲಿಸಬಹುದು. ಒಂದು ಸಲಕ್ಕೆ ಒಂದೇ ಹಲ್ಲು, ಬೆಳಗಿನ ಹೊತ್ತು ಕೀಳಿಸಿ, ರಕ್ತ ಒಸರಿದರೆ ಸಂಜೆಯೊಳಗೆ ಮತ್ತೆ ಹೋಗಲು ಸಮಯವಿರುತ್ತದೆ. ಹೋಗುವಾಗ ಸ್ಟೆಂಟ್ ಕಾರ್ಡ್ ಜೊತೆಗಿರಲಿ, ದಂತವೈದ್ಯರಿಗೆ ಅನುಮಾನವಿದ್ದರೆ ಸ್ಟೆಂಟ್ ಹಾಕಿದವರಿಗೆ ಅವರೇ ಫೋನ್ ಮಾಡಲಿ.