ಗೆಂಡೆತಿಮ್ಮನನ್ನು ಯಾಕೆ ಬಿಟ್ರಿ?

ತೀರ್ಥಹಳ್ಳಿಯ ಮೇಷ್ಟ್ರಿಗೆ ನಮಸ್ಕಾರ.

ಎಪ್ಪತ್ತರ ದಶಕದ ಕನ್ನಡ ಚಿತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಲೇಖನಕ್ಕೆ ಚೆನ್ನಾಗಿಯೇ ಬೈದು ಬರೆದಿದ್ದೀರಿ. ನಮ್ಮ ಲೇಖನದಲ್ಲಿ ಒಂದು ಕಡೆ ಪ್ರಶಸ್ತಿ ಗೆದ್ದ ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’. ಇನ್ನೊಂದು ಕಡೆ ಜನ ಮುಗಿಬಿದ್ದು ನೋಡಿದ ‘ಬಂಗಾರದ ಮನುಷ್ಯ’, ‘ನಾಗರಹಾವು’. ನಡುವಿನವರು ಎಲ್ಲಿ ಹೋದರು, ‘ಅಬಚೂರಿನ ಪೋಸ್ಟಾಫೀಸು’ ಎಲ್ಲಿ, ‘ಪರಸಂಗದ ಗೆಂಡೆತಿಮ್ಮ’ನನ್ನು ಯಾಕೆ ಬಿಟ್ರಿ ಎಂಬುದು ನಿಮ್ಮ ಪ್ರಶ್ನೆ. ಪ್ರಶಸ್ತಿ ಬಾರದ ಚಿತ್ರವನ್ನು ಪತ್ರಿಕೆಯವರು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಕಾರಣವನ್ನೂ ನೀವೇ ಕೊಟ್ಟಿದ್ದೀರಿ.

ಆ ಕಾರಣ ನನಗೆ ಒಪ್ಪಿಗೆಯಿಲ್ಲ. ‘ಅಬಚೂರಿನ ಪೋಸ್ಟಾಫೀಸು’ ಚಿತ್ರಕ್ಕೆ 1973ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತ್ತು. ಆದರೂ ಜನ ಮರೆತರು. ಆ ದಶಕದಲ್ಲಿ ದೇಶದ ಅತ್ಯುತ್ತಮ ಚಿತ್ರ ಎಂಬ ಪಟ್ಟ ಕನ್ನಡಕ್ಕೆ ಮೂರು ಸಲ ಬಂತು: 1970ರಲ್ಲಿ ‘ಸಂಸ್ಕಾರ’, 1975ರಲ್ಲಿ ‘ಚೋಮನ ದುಡಿ’, 1977ರಲ್ಲಿ ‘ಘಟಶ್ರಾದ್ಧ’. ಅಷ್ಟು ದೊಡ್ಡ ಸದ್ದಿನ ಪಕ್ಕದಲ್ಲಿ ಸಣ್ಣ ದನಿಯಲ್ಲಿ ಮಾತಾಡಿದವರು ಯಾರಿಗೂ ಕೇಳಿಸಲಿಲ್ಲ.

‘ಅಬಚೂರಿನ ಪೋಸ್ಟಾಫೀಸು’ ನಿರ್ದೇಶಿಸಿದ ಎನ್. ಲಕ್ಷ್ಮೀನಾರಾಯಣ್ ಅಂಥ ಸಣ್ಣ ದನಿಯವರು. ರಾಜ್‌ಕುಮಾರ್ ಅವರನ್ನು ಇಟ್ಟುಕೊಂಡು 1964ರಲ್ಲೇ ‘ನಾಂದಿ’ ಮಾಡಿದವರು. ಅಬಚೂರಿನ ಬೋಬಣ್ಣ ಮಲೆನಾಡಿನ ಒಬ್ಬ ಸಾಮಾನ್ಯ ಮನುಷ್ಯ. ಅಂಚೆ ಕೆಲಸ ಕೈಗೆ ಬಂದಮೇಲೆ ಊರವರ ಕಾಗದ ಒಡೆದು ಓದುವ ಚಟ ಹತ್ತುತ್ತದೆ. ಕೊನೆಗೆ ಅದೇ ಚಟ ಅವನ ಮನೆಯೊಳಗೂ ಅನುಮಾನ ತಂದಿಡುತ್ತದೆ. ಇಲ್ಲಿ ಕೂಗಾಟ ಇಲ್ಲ, ಖಳನಾಯಕ ಇಲ್ಲ. ಒಂದು ವಿಚಿತ್ರ ನೋಡಿ: ಈ ಚಿತ್ರದ ಮೂಲ ಕತೆ ಇರುವ ಪೂರ್ಣಚಂದ್ರ ತೇಜಸ್ವಿಯವರ ಸಂಕಲನದಲ್ಲಿ ‘ತಬರನ ಕತೆ’ಯೂ ಇದೆ, ‘ಕುಬಿ ಮತ್ತು ಇಯಾಲ’ವೂ ಇದೆ, ಮೊನ್ನೆ ಮೊನ್ನೆ ಹುಡುಗರೆಲ್ಲ ನೋಡಿ ಮೆಚ್ಚಿದ ‘ಡೇರ್‌ಡೆವಿಲ್ ಮುಸ್ತಾಫಾ’ವೂ ಇದೆ. ನಾಲ್ಕೂ ಸಿನಿಮಾ ಆದವು. ಮೊದಲು ಆದದ್ದನ್ನೇ ಜಾಸ್ತಿ ಜನ ನೋಡಿಲ್ಲ.

ಇನ್ನು ನಿಮ್ಮ ಗೆಂಡೆತಿಮ್ಮ. ‘ಕಾಡು’ (1973) ಮತ್ತು ‘ಪರಸಂಗದ ಗೆಂಡೆತಿಮ್ಮ’ (1978) ಎರಡೂ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಗಳು. ಎರಡರಲ್ಲೂ ನಟ ಲೋಕೇಶ್ ಇದ್ದಾರೆ. ಕಾರ್ನಾಡರು ಮಾಡಿದ ‘ಕಾಡು’ ಅವಾರ್ಡ್ ಪಿಕ್ಚರ್ ಅನ್ನಿಸಿಕೊಂಡಿತು. ಮಾರುತಿ ಶಿವರಾಂ ಮಾಡಿದ ಗೆಂಡೆತಿಮ್ಮ ರಾಜನ್-ನಾಗೇಂದ್ರ ಹಾಡುಗಳ ಪಿಕ್ಚರ್ ಆಯಿತು. ‘ತೇರ ಏರಿ ಅಂಬರದಾಗೆ’ ಹಾಡನ್ನು ಇವತ್ತಿಗೂ ಆರ್ಕೆಸ್ಟ್ರಾದವರು ಬಿಟ್ಟಿಲ್ಲ. ಚಿತ್ರ ನೋಡಿದವರನ್ನು ಮಾತ್ರ ಹುಡುಕಬೇಕು. ವ್ಯಾಪಾರಕ್ಕೆಂದು ಊರೂರು ತಿರುಗುವ ತಿಮ್ಮ, ಪೇಟೆಯ ರುಚಿ ಕಂಡ ಹೆಂಡತಿ ಮರಂಕಿ, ಅವಳನ್ನು ನೋಡಿ ಸೋಪು, ಪೌಡರು, ಬ್ರಾ ಬೇಕೆನ್ನುವ ಹಳ್ಳಿ ಹೆಂಗಸರು. ನಗುನಗುತ್ತ ಶುರುವಾಗುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆ ಪೆದ್ದುತನ, ಆ ಒಳ್ಳೆಯತನ ಎರಡನ್ನೂ ಲೋಕೇಶ್ ಒಂದೇ ಮುಖದಲ್ಲಿ ತರುತ್ತಾರೆ. ಇದೇ ಮನುಷ್ಯ 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಅಯ್ಯು. ಅಪ್ಪ ಸತ್ತರೆ ಹೆಣ ಹೊರಲು ಊರಿನ ಒಬ್ಬನೂ ಬಾರದೇ ಇದ್ದಾಗ ಆ ಕಣ್ಣಲ್ಲಿ ತುಂಬಿಕೊಳ್ಳುವ ದ್ವೇಷ ನೋಡಿದರೆ ತಿಮ್ಮ ಇವರೇನಾ ಅನ್ನಿಸುತ್ತದೆ. ನನ್ನನ್ನು ಕೇಳಿದರೆ ಆ ದಶಕದಲ್ಲಿ ತಕ್ಕ ಬೆಲೆ ಸಿಗದೇ ಹೋದದ್ದು ಒಂದು ಚಿತ್ರಕ್ಕಲ್ಲ, ಈ ನಟನಿಗೆ. ಕಲಾತ್ಮಕ ಚಿತ್ರದವರಿಗೆ ಅವರು ಪೂರ್ತಿ ತಮ್ಮವರಲ್ಲ, ಗಾಂಧಿನಗರದ ವ್ಯಾಪಾರಿ ಚಿತ್ರದವರಿಗೂ ಅಲ್ಲ.

‘ಒಂದಾನೊಂದು ಕಾಲದಲ್ಲಿ’ಯನ್ನೂ ನೀವು ಮರೆತವರ ಸಾಲಿಗೆ ಸೇರಿಸಿದ್ದೀರಿ. ಅದು ಸ್ವಲ್ಪ ಜಾಸ್ತಿಯಾಯಿತು ಮೇಷ್ಟ್ರೇ. ಶಂಕರ್‌ನಾಗ್ ಅಭಿಮಾನಿಗಳು ಇರುವ ತನಕ ಆ ಚಿತ್ರಕ್ಕೆ ನಮ್ಮ ಶಿಫಾರಸು ಬೇಕಾಗಿಲ್ಲ.

ಮಾಸ್ತಿಯವರ ನಾಟಕದಿಂದ ಸಿ.ಆರ್. ಸಿಂಹ ಮಾಡಿದ ‘ಕಾಕನಕೋಟೆ’ಯ ಹೆಸರು ನಿಮ್ಮ ಪತ್ರದಲ್ಲೂ ಇಲ್ಲವಲ್ಲ? ಅಲ್ಲೂ ಲೋಕೇಶ್ ಇದ್ದಾರೆ. ನೋಡಿದ್ದರೆ ಅದರ ಬಗ್ಗೆ ಎರಡು ಪುಟ ಬರೆದು ಕಳಿಸಿ, ಹಾಕುತ್ತೇವೆ.

– ಸಂ.