ಲಂಡನ್ ಮಾತು, ಬ್ರಸೆಲ್ಸ್ ಸುದ್ದಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಬ್ರಿಟನ್ ಪ್ರಧಾನಿಯ ಪ್ರಶ್ನೋತ್ತರವನ್ನು ನೇರ ಪ್ರಸಾರದಲ್ಲಿ ನೋಡಲು ಕೂತರೆ ಒಮ್ಮೊಮ್ಮೆ ಒಂದು ತಾಸು ಹೆಚ್ಚುಕಮ್ಮಿ ಆಗುತ್ತದೆ. ಸರಿಯಾದ ಹೊತ್ತು ಯಾವುದು?
— ಓದುಗರು, ಬೈತಕೋಲ, ಕಾರವಾರ

ಉತ್ತರ: ಅವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ, ಅದಕ್ಕೇ ಈ ಗೊಂದಲ. ಪ್ರಶ್ನೋತ್ತರ ಶುರುವಾಗುವುದು ಬುಧವಾರ ಅಲ್ಲಿಯ ಮಧ್ಯಾಹ್ನ 12ಕ್ಕೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಮಗದು ಸಂಜೆ 4.30, ಉಳಿದ ತಿಂಗಳು 5.30. ಸದನಕ್ಕೆ ರಜೆಯಿದ್ದರೆ ಇಲ್ಲ, ಆಗಸ್ಟ್‌ನಲ್ಲಿ ಕಾಯಬೇಡಿ. ಪ್ರಧಾನಿಯ ಇಂದಿನ ಕಾರ್ಯಕ್ರಮಗಳೇನು ಎಂಬ ಮೊದಲ ಪ್ರಶ್ನೆ ಬರೀ ನೆಪ. ಬರೆದು ಕೊಡಬೇಕಾದದ್ದು ಅದಿಷ್ಟೇ, ಬೆನ್ನಿಗೇ ಬರುವ ಉಪಪ್ರಶ್ನೆಯನ್ನು ಮೊದಲೇ ತಿಳಿಸಬೇಕಿಲ್ಲ. ವಿರೋಧ ಪಕ್ಷದ ನಾಯಕರಿಗೆ ಆರು ಪ್ರಶ್ನೆಗಳ ಅವಕಾಶ. ಆರನ್ನೂ ಒಂದೇ ವಿಷಯಕ್ಕೆ ಮೀಸಲಿಟ್ಟ ದಿನ ಕೇಳಲು ಸ್ವಾರಸ್ಯ.

ಪ್ರಶ್ನೆ: ಅಲ್ಲಿಯ ಸಂದರ್ಶಕರು ಮಂತ್ರಿಗಳ ಮಾತನ್ನು ನಡುವೆಯೇ ತುಂಡರಿಸುತ್ತಾರೆ. ಇದು ಪಕ್ಷಪಾತವಲ್ಲವೇ?
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಶಿರಸಿ

ಉತ್ತರ: ಅಲ್ಲ. ರೇಡಿಯೊ, ಟಿವಿಗಳು ನಿಷ್ಪಕ್ಷಪಾತವಾಗಿರಬೇಕೆಂಬ ನಿಯಮವನ್ನು ಆಫ್‌ಕಾಮ್ ಎಂಬ ಪ್ರಸಾರ ನಿಯಂತ್ರಣ ಸಂಸ್ಥೆ ಜಾರಿಯಲ್ಲಿಟ್ಟಿದೆ. ಪತ್ರಿಕೆಗಳಿಗೆ ಆ ಕಟ್ಟುಪಾಡಿಲ್ಲ, ಚುನಾವಣೆ ಬಂದರೆ ಅವು ಒಂದು ಪಕ್ಷಕ್ಕೆ ಬಹಿರಂಗವಾಗಿಯೇ ಬೆಂಬಲ ಸಾರುತ್ತವೆ. ಸಂದರ್ಶಕರು ಎದುರಿಗಿರುವವರ ವಿರೋಧಿಗಳ ವಾದ ಹಿಡಿದು ಪ್ರಶ್ನಿಸುತ್ತಾರೆ. ನಾಳೆ ಆ ವಿರೋಧಿಗಳೇ ಬಂದರೆ ಅವರಿಗೂ ಅದೇ ಪಾಡು. ಹಾಗಾಗಿ ಒಂದೇ ಸಂದರ್ಶನ ನೋಡಿ ತೀರ್ಪು ಕೊಡಬೇಡಿ.

ಕೇಳುವಾಗ ಕೈಯಲ್ಲೊಂದು ಪೆನ್ನು ಇರಲಿ. ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಿ. 1997ರ ಮೇ ತಿಂಗಳಲ್ಲಿ ಬಿಬಿಸಿಯ ಸಂದರ್ಶಕ ಜೆರೆಮಿ ಪ್ಯಾಕ್ಸ್‌ಮನ್ ಮಾಜಿ ಗೃಹ ಸಚಿವ ಮೈಕೆಲ್ ಹೋವರ್ಡ್‌ಗೆ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಸಲ ಕೇಳಿದರು: ಕಾರಾಗೃಹ ಇಲಾಖೆಯ ಮುಖ್ಯಸ್ಥರ ನಿರ್ಧಾರವನ್ನು ತಳ್ಳಿಹಾಕುವುದಾಗಿ ಬೆದರಿಸಿದ್ದಿರಾ? ಅವರಿಗೆ ಸೂಚನೆ ಕೊಡುವ ಅಧಿಕಾರ ನನಗಿರಲಿಲ್ಲ, ಕೊಡಲೂ ಇಲ್ಲ ಎಂಬ ಧಾಟಿಯಲ್ಲೇ ಹೋವರ್ಡ್ ಉತ್ತರಿಸಿದರು. ಕೇಳಿದ್ದು ಬೆದರಿಕೆಯ ಬಗ್ಗೆ, ಸಿಕ್ಕಿದ್ದು ಸೂಚನೆಯ ಬಗ್ಗೆ. ಪ್ರಶ್ನೆ ಬರೆದುಕೊಳ್ಳದಿದ್ದರೆ ಇದು ನೇರ ಉತ್ತರದಂತೆಯೇ ಕೇಳುತ್ತದೆ. ವಾಟ್ಸಾಪ್‌ನಲ್ಲಿ ಬರುವ ತುಣುಕುಗಳಲ್ಲಿ ಪ್ರಶ್ನೆಯನ್ನೇ ಕತ್ತರಿಸಿರುತ್ತಾರೆ. ಅವನ್ನು ನಂಬಿ ವರದಿ ಬರೆಯಬೇಡಿ.

ಮಾತಾಡುವವರ ಹುದ್ದೆಯನ್ನೂ ಗಮನಿಸಿ. ಸಚಿವರ ಮಾತು ಇಡೀ ಸಂಪುಟವನ್ನು ಕಟ್ಟಿಹಾಕುತ್ತದೆ, ಹುದ್ದೆಯಿಲ್ಲದೆ ಹಿಂದಿನ ಸಾಲಿನಲ್ಲಿ ಕೂರುವ ಸದಸ್ಯರದ್ದು ಅವರದಷ್ಟೇ. ‘ಛಾಯಾ ಸಚಿವ’ರೆಂದರೆ ವಿರೋಧ ಪಕ್ಷದವರು. ನಮ್ಮ ಸುದ್ದಿಮನೆಗಳಲ್ಲಿ ‘ಛಾಯಾ’ ಬಿಟ್ಟುಹೋಗಿ ಸರ್ಕಾರದ ನಿಲುವೇ ತಲೆಕೆಳಗಾಗುವುದುಂಟು. ಅಭ್ಯಾಸಕ್ಕೆ ಬಿಬಿಸಿ ರೇಡಿಯೊ 4ರ ‘ಟುಡೇ’ ಸಾಕು. ಅದರ ಮುಖ್ಯ ಸಂದರ್ಶನ ಅಲ್ಲಿಯ ಬೆಳಿಗ್ಗೆ 8.10ಕ್ಕೆ, ಅಂದರೆ ನಮಗೆ ಅವರ ಬೇಸಿಗೆಯ ಗಡಿಯಾರವಿದ್ದಾಗ ಮಧ್ಯಾಹ್ನ 12.40, ಚಳಿಗಾಲದ್ದಿದ್ದಾಗ 1.40.

ಪ್ರಶ್ನೆ: ಅರಣ್ಯನಾಶ ತಡೆಗೆ ಯುರೋಪ್ ಕಾನೂನು ತಂದಿದೆ, ಇನ್ನು ನಮ್ಮ ಕಾಳುಮೆಣಸನ್ನು ಕೊಳ್ಳುವುದಿಲ್ಲ ಎನ್ನುತ್ತಾರೆ. ನಿಜವೇ?
— ತೋಟಿಗರು, ಸಿದ್ದಾಪುರ

ಉತ್ತರ: ಆ ಕಾನೂನಿನ ಪಟ್ಟಿಯಲ್ಲಿರುವುದು ಏಳು: ದನ, ಕೋಕೋ, ಕಾಫಿ, ತಾಳೆಎಣ್ಣೆ, ರಬ್ಬರ್, ಸೋಯಾ, ಮರ. ಕಾಳುಮೆಣಸೂ ಇಲ್ಲ, ಅಡಿಕೆಯೂ ಇಲ್ಲ. ತೋಟದಲ್ಲಿ ಕಾಫಿಯೂ ಇದ್ದರೆ ಮಾತ್ರ ಯೋಚಿಸಬೇಕು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು, ಜಾಗದ ಅಕ್ಷಾಂಶ-ರೇಖಾಂಶ ಸಮೇತ ತೋರಿಸಬೇಕಾಗುತ್ತದೆ. ಕಾನೂನು 2023ರಲ್ಲೇ ಆಯಿತು. ಆದರೆ 2024ರ ಕೊನೆಗೆ ಅನ್ವಯವಾಗಬೇಕಿದ್ದದ್ದು ಒಂದು ವರ್ಷ ಮುಂದೆ ಹೋಯಿತು, ಆಮೇಲೆ ಇನ್ನೊಂದು ವರ್ಷ. ಬ್ರಸೆಲ್ಸ್‌ನಿಂದ, ಅಂದರೆ ಯುರೋಪ್ ಒಕ್ಕೂಟದ ಕೇಂದ್ರದಿಂದ ಬರುವ ಸುದ್ದಿ ಓದುವಾಗ ಅದು ಯಾವ ಹಂತದ್ದು ನೋಡಿ. ಒಕ್ಕೂಟದ ಆಡಳಿತ ನಡೆಸುವ ಆಯೋಗ ಮಂಡಿಸುವುದು ಬರೀ ಪ್ರಸ್ತಾವ. ಯುರೋಪ್ ಸಂಸತ್ತು ಮತ್ತು ಸದಸ್ಯ ದೇಶಗಳ ಮಂತ್ರಿಗಳ ಮಂಡಳಿ ಎರಡೂ ಒಪ್ಪಿ ಅಧಿಕೃತ ಪತ್ರದಲ್ಲಿ ಪ್ರಕಟವಾದ ಮೇಲೆಯೇ ಅದು ಕಾನೂನು. ಕಾಳುಮೆಣಸಿಗೆ ಅಲ್ಲಿರುವ ತೊಡಕು ಕೀಟನಾಶಕದ ಉಳಿಕೆಯದ್ದು. ಸಿಂಪಡಿಸಿದ ಔಷಧದ ಹೆಸರು, ಪ್ರಮಾಣ, ತಾರೀಖು ಬರೆದಿಟ್ಟುಕೊಳ್ಳಿ.